ನ್ಯಾಯವಂತ ಹುಣಸೆ ಬೀಜಗಳು

ಕಳೆದ ತಿಂಗಳು ಕಚೇರಿಯ ಕೆಲಸದ ನಿಮಿತ್ತ ಕುಕನೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಮನೆಯ ಮುಂದೆ ನಾಲ್ಕಾರು ಹೆಂಗಸರು ಹುಣಸೆ ಹಣ್ಣು ಬಡಿದು ಬೀಜ ಬೇರ್ಪಡಿಸುತ್ತಿದ್ದರು. ಒಂದು ಕಡೆ ಹಣ್ಣಿನ ರಾಶಿ, ಇನ್ನೊಂದು ಕಡೆ ಗೋಣಿತಟ್ಟಿನ ಮೇಲೆ ಬೀಜದ ರಾಶಿ. ಬಿಸಿಲಿಗೆ ಎದ್ದ ಆ ಹುಳಿ ವಾಸನೆ ಮೂಗಿಗೆ ಬಡಿದಾಗ, ಕೈಯಲ್ಲಿದ್ದ ಕಡತವನ್ನು ಕಂಕುಳಿಗೆ ಸೇರಿಸಿ ಅಲ್ಲಿಯೇ ನಿಂತುಬಿಟ್ಟೆ. ಬಾಗಿ ನಾಲ್ಕು ಬೀಜ ಎತ್ತಿಕೊಂಡೆ. ಇದ್ಯಾಕ್ರೀ ನಿಮಗ ಎಂದು ಒಬ್ಬಾಕೆ ವಿಚಾರಿಸಿದರು. ಬೀಜಗಳನ್ನು ಜೇಬಿಗಿಳಿಸಿ ಹೊರಟುಬಿಟ್ಟೆ... ಈ ಬರಹವನ್ನು ಆ ಪ್ರಶ್ನೆಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ಪರಿಗಣಿಸಬೇಕಾಗಿ ಓದುಗರಲ್ಲಿ ವಿನಂತಿ.

ನಾನು ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಪಟ್ಟಣ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಬಡ್ತಿಗೆ ಪದವಿ ಅವಶ್ಯವೆಂದು ತಿಳಿದ ಮೇಲೆ, ದೂರ ಶಿಕ್ಷಣದ ಮೂಲಕ ಬಿ.ಎ.ಗೆ ಹೆಸರು ನೋಂದಾಯಿಸಿದೆ. ಪುಸ್ತಕಗಳು ಅಂಚೆಯಲ್ಲಿ ಬಂದವು. ಭಾನುವಾರಗಳಂದು ಕೊಪ್ಪಳದ ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ಅಲ್ಲಿ ನಮಗೆ ಸಂಖ್ಯಾಶಾಸ್ತ್ರ ಬೋಧಿಸಿದವರ ಬಗ್ಗೆ ಈ ಲೇಖನ. ಅವರನ್ನು ಮೇಡಂ ಎಂದು ಕರೆಯಬೇಕಾಗಿತ್ತು. ಆದರೆ ನಾವೆಲ್ಲರೂ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಓದಿದವರಾದ್ದರಿಂದ, ಮೊದಲ ದಿನವೇ ಯಾರದೋ ಬಾಯಿಯಿಂದ "ಅಕ್ಕೋರ" ಎಂದು ಬಂದುಬಿಟ್ಟಿತು. ಅವರು ತಿದ್ದಲಿಲ್ಲ. ಅಂದಿನಿಂದ ಅವರು ನಮಗೆ ಅಕ್ಕೋರು.

ಐವತ್ತರ ಸಮೀಪದ ವಯಸ್ಸು, ಸಪೂರ ಮೈಕಟ್ಟು, ಹತ್ತಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಅವರು ಕಾಯಂ ನೌಕರರಾಗಿರಲಿಲ್ಲ. ನೇಮಕಾತಿ ಆದೇಶವೆಂಬುದೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಕರೆದ ಭಾನುವಾರ ಬಂದು ಪಾಠ ಮಾಡಿ ಹೋಗುವ ಅತಿಥಿ ಅವರು. ಮೊದಲ ತರಗತಿಯಲ್ಲಿ ನಾವು ಪುಸ್ತಕ ತೆರೆಯಲು ಹೋದಾಗ ಅವರು ತಡೆದರು.

"ಪುಸ್ತಕ ತಗೀಬ್ಯಾಡ್ರಿ. ಅದು ಟಪಾಲದಾಗ ನಿಮ್ಮ ಮನಿಗೆ ಬಂದೈತಿ. ಜೋಡಿ ಕುಂತು ಓದಾವ್ರು ಬಂದಿಲ್ಲ. ಇವತ್ತ ಅವ್ರನ್ನ ಹುಡುಕೋಣು."

ಚೀಲದಿಂದ ಒಂದು ರಟ್ಟಿನ ಹಾಳೆ ಹೊರಬಂತು. ಅದರ ಮೇಲೆ ಐದು ಸಾಲು, ಐದು ಕಂಬಗಳ ಚೌಕಾಬಾರಾ ಮನೆಗಳು. ನಂತರ ಹುಣಸೆ ಬೀಜಗಳು ಬಂದವು, ಒಬ್ಬೊಬ್ಬರಿಗೆ ನಾಲ್ಕರಂತೆ. ಮನೆಗೆ ಹೋಗಿ ಪ್ರತಿ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳಲು ತಿಳಿಸಿದರು. ಎಸೆದಾಗ ಎಷ್ಟು ಬಿಳಿ ಮೇಲಾಗಿ ಬೀಳುತ್ತವೆಯೋ ಅಷ್ಟು ಅಂಕ. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಂದಾದರೆ ಎಂಟು. ಈ ಆಟ ನಮ್ಮ ಕಡೆ ಮನೆಮನೆಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನ ನಿಯಮಗಳು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೀಗೆ ನಾಲ್ಕು ತಾಲ್ಲೂಕುಗಳ ನಾಲ್ಕು ತಂಡ. ಆಟದ ರಟ್ಟು ಅಕ್ಕೋರ ಮನೆಯಲ್ಲಿಯೇ ಇರತಕ್ಕದ್ದು. ನಾವು ನಮ್ಮ ನಮ್ಮ ಊರಿನಲ್ಲಿ ಬೀಜ ಎಸೆದು, ಬಿದ್ದ ಅಂಕವನ್ನು ವಾಟ್ಸಾಪ್ ಗುಂಪಿನಲ್ಲಿ ತಿಳಿಸಬೇಕು. ಅವರು ಕಾಯಿ ನಡೆಸಿ ಚಿತ್ರ ಕಳಿಸುವರು. ಕಾಯಿ ಗುಣಾಕಾರ ಗುರುತಿನ ಕಟ್ಟೆಗೆ ಬಂದರೆ, ಆ ತಂಡದವರು ಬೇರೆ ತಾಲ್ಲೂಕಿನ ಒಬ್ಬರಿಗೆ ಫೋನ್ ಮಾಡಿ ಪಾಠದ ಒಂದು ಪುಟವನ್ನು ಬಾಯಿಮಾತಿನಲ್ಲಿ ತಿಳಿಸಿ ಹೇಳಬೇಕು. ಕೇಳಿಸಿಕೊಂಡವರು ತಮಗೆ ತಿಳಿದದ್ದನ್ನು ಗುಂಪಿನಲ್ಲಿ ಹೇಳಿದ ಮೇಲಷ್ಟೇ ಕಾಯಿಗೆ ಒಳಮನೆಗೆ ಪ್ರವೇಶ. ಇನ್ನೊಬ್ಬರ ಕಾಯಿ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬುದು ಹಳೆಯ ನಿಯಮ. ಅಕ್ಕೋರು ಹೊಡೆಯುವುದನ್ನು ತೆಗೆದು ಹೇಳಿಕೊಡುವುದನ್ನು ಇಟ್ಟಿದ್ದರು.

ದೂರದಲ್ಲಿ ಎಸೆದ ಬೀಜವನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಕುಷ್ಟಗಿಯ ಕಂಡಕ್ಟರ್ ಒಬ್ಬರು ಕೇಳಿದರು. ಅವರು ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತುಗಾರರು. ಅಕ್ಕೋರು ನಕ್ಕರು.

"ಎಂಟು ಬಿತ್ತಂತ ಯಾರು ಬೇಕಾದ್ರೂ ಸುಳ್ಳ ಹೇಳಬಹುದ್ರಿ. ನಾ ಏನೂ ಅನ್ನೂದಿಲ್ಲ. ಮುಂದ ಅಂಕಿನ ಮಾತಾಡ್ತಾವ."

ಆಟ ಆರಂಭಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಬೀಜಗಳನ್ನು ನೂರು ಸಲ ಎಸೆದು, ಯಾವ ಅಂಕ ಎಷ್ಟು ಸಲ ಬಿತ್ತು ಎಂಬ ಪಟ್ಟಿ ತರಬೇಕೆಂದು ಸೂಚಿಸಿದರು. ಆ ವಾರ ಕಚೇರಿಯಲ್ಲಿ ವಿಪರೀತ ಕೆಲಸವಿತ್ತು. ಶನಿವಾರದವರೆಗೆ ನಾನು ಬೀಜಗಳನ್ನು ತಿಕ್ಕಿಯೂ ಇರಲಿಲ್ಲ. ಆದರೆ ನಮೂನೆ ಭರ್ತಿ ಮಾಡುವುದು ನನ್ನ ನಿತ್ಯದ ಕೆಲಸ. ಬಂದ ಸಾಮಗ್ರಿಯನ್ನು ವಾರ್ಡುವಾರು ಹಂಚಿಕೆ ಮಾಡಿದಂತೆ ತೋರಿಸುವ ಪಟ್ಟಿಗಳನ್ನು ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಐದು ಬಗೆಯ ಅಂಕ, ನೂರು ಎಸೆತ, ಆದ್ದರಿಂದ ತಲಾ ಇಪ್ಪತ್ತು. ತೀರಾ ಸಮನಾದರೆ ಅನುಮಾನ ಬರುವುದೆಂದು ಅಲ್ಲಲ್ಲಿ ಒಂದೆರಡು ಹೆಚ್ಚುಕಡಿಮೆ ಮಾಡಿದೆ. ಒಂದು ಬಿದ್ದದ್ದು ಇಪ್ಪತ್ತೊಂದು ಸಲ, ಎರಡು ಹತ್ತೊಂಬತ್ತು, ಮೂರು ಇಪ್ಪತ್ತು, ನಾಲ್ಕು ಇಪ್ಪತ್ತೆರಡು, ಎಂಟು ಹದಿನೆಂಟು. ಮೊತ್ತ ನೂರು. ಪಟ್ಟಿ ಅಂದವಾಗಿತ್ತು.

ಭಾನುವಾರ ಅಕ್ಕೋರು ಎಲ್ಲ ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿ ನೋಡಿದರು. ನನ್ನದರ ಬಳಿ ನಿಂತರು.

"ಇವ್ರ ಬೀಜ ಭಾಳ ನ್ಯಾಯವಂತ ಅದಾವ ನೋಡ್ರಿ. ಯಾರಿಗೂ ಅನ್ಯಾಯ ಮಾಡಿಲ್ಲ."

ಮೊದಲು ನಾನು ಅದನ್ನು ಮೆಚ್ಚುಗೆಯೆಂದೇ ತಿಳಿದೆ. ಕಂಡಕ್ಟರ್ ಪಕ್ಕದಿಂದ ಇಣುಕಿದರು. "ಏನೋ ಸಾಹೇಬ, ಬೀಜಕ್ಕೂ ರೋಸ್ಟರ್ ಹಚ್ಚೀ ಏನು?" ಎಂದರು. ಗಂಗಾವತಿಯಿಂದ ಬರುತ್ತಿದ್ದ, ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಸಹಪಾಠಿ ಬಹಳ ಮೃದುವಾಗಿ, "ಭೈಯಾ, ಎಸದ್ರೋ, ಬರೇ ಬರದ್ರೋ?" ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಆ ಹೊಲಿಗೆಯ ಸಹಪಾಠಿಯ ಪಟ್ಟಿಯಲ್ಲಿಯೂ ಎಂಟು ಹದಿಮೂರು ಸಲ ಇತ್ತು. ಉಳಿದ ಯಾರಿಗೂ ಅಷ್ಟು ಬಿದ್ದಿರಲಿಲ್ಲ. ಅಕ್ಕೋರು ಅವರನ್ನು ಅನುಮಾನಿಸಲಿಲ್ಲ. ಬೀಜ ತೋರಿಸಿ ಎಂದು ಕೈ ಚಾಚಿದರು, ಬೆರಳಿನಿಂದ ಸವರಿದರು. ಹೆಚ್ಚು ತಿಕ್ಕಿದ್ದರಿಂದ ಬಿಳಿ ಮಗ್ಗುಲು ಚಪ್ಪಟೆಯಾಗಿ, ಅದೇ ಕೆಳಗಾಗಿ ಕೂರುತ್ತಿತ್ತು. ಆದ್ದರಿಂದ ಎಂಟು ಹೆಚ್ಚು, ನಾಲ್ಕು ಬರೀ ಎರಡೇ ಸಲ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ನನ್ನ ಪಟ್ಟಿಯಲ್ಲಿ ಎರಡೂ ಏರಿದ್ದವು. ಬೀಜವನ್ನೇ ನೋಡದೆ, ನಾನು ಬೀಜವನ್ನು ನೋಡಿಲ್ಲವೆಂದು ಅವರಿಗೆ ತಿಳಿದದ್ದು ಹೀಗೆ.

ಅಂದೇ ನಾನು ತಪ್ಪನ್ನು ಒಪ್ಪಿಕೊಂಡಿದ್ದರೆ ಮುಂದಿನದು ಬರೆಯಬೇಕಾಗಿರಲಿಲ್ಲ...

ಆಟ ಪ್ರಾರಂಭವಾಯಿತು. ವಾರವೆಲ್ಲ ಬಿದ್ದ ಅಂಕಗಳ ಲೆಕ್ಕ ಭಾನುವಾರದ ತರಗತಿಯಲ್ಲಿ ನಡೆಯುತ್ತಿತ್ತು. ಕಂಡಕ್ಟರ್ ಬಸ್ಸು ನಿಂತಲ್ಲಿ ಚರ್ಮದ ಚೀಲದ ಮೇಲೆ ಬೀಜ ಎಸೆದು ಅಂಕ ಕಳಿಸುತ್ತಿದ್ದರು. ಸರಾಸರಿಯ ಪುಟವನ್ನು ಅವರು ಫೋನಿನಲ್ಲಿ ನನಗೆ ತಿಳಿಸಿದ ರೀತಿ ಇಂದಿಗೂ ನೆನಪಿದೆ. ತಮ್ಮ ಗಾಡಿಗೆ ದಿನಕ್ಕೆ ಸರಾಸರಿ ನಲವತ್ತು ಜನ ಎಂದು ಡಿಪೋದಲ್ಲಿ ಬರೆದುಕೊಳ್ಳುತ್ತಾರೆ, ಆದರೆ ಸರಿಯಾಗಿ ನಲವತ್ತು ಜನ ಹತ್ತಿದ ಟ್ರಿಪ್ಪನ್ನು ತಾವು ಇದುವರೆಗೆ ಕಂಡಿಲ್ಲ ಎಂದರು. ಪುಸ್ತಕದ ಆರು ಪುಟಗಳು ಮಾಡದ್ದನ್ನು ಆ ಮಾತು ಮಾಡಿತು. ಹಾಗಿದ್ದೂ ನನ್ನೊಳಗಿನ ಬಿಸಿ ಆರಿರಲಿಲ್ಲ.

ತರಗತಿಯಲ್ಲಿ ಹಿಂದಿನ ವರ್ಷ ಅನುತ್ತೀರ್ಣರಾಗಿದ್ದ ಕೆಲವರಿದ್ದರು. ಪರೀಕ್ಷೆ ಹತ್ತಿರ ಬರುತ್ತಿತ್ತು. ಇರುವ ನಾಲ್ಕಾರು ಭಾನುವಾರಗಳೂ ಬೀಜದಲ್ಲಿ ಕಳೆದರೆ ಹೇಗೆಂಬ ಅವರ ಭಯ ಸುಳ್ಳಾಗಿರಲಿಲ್ಲ. ಕೇಂದ್ರದ ಸಂಯೋಜಕರಿಗೆ ದೂರು ಕೊಡಬೇಕೆಂದು ನಿರ್ಧರಿಸಿ, ಕರಡು ಬರೆಯಲು ನನ್ನ ಬಳಿ ಬಂದರು. ಬರೆದುಕೊಟ್ಟೆ. ಸದರಿ ಬೋಧಕರು ಪದವಿ ವಿದ್ಯಾರ್ಥಿಗಳಿಗೆ ಪಾಠದ ಬದಲು ಮಕ್ಕಳ ಆಟ ಆಡಿಸುತ್ತಿರುವುದಾಗಿಯೂ, ನಾಲ್ಕು ಭಾನುವಾರಗಳಲ್ಲಿ ಕ್ರಮವಾಗಿ ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು ಹಾಗೂ ನಲವತ್ತೆರಡು ನಿಮಿಷ ವ್ಯರ್ಥವಾಗಿರುವುದಾಗಿಯೂ, ಅವರ ಬದಲಿಗೆ ಬೇರೆಯವರನ್ನು ನಿಯೋಜಿಸಬೇಕಾಗಿಯೂ ಕೋರಿದೆ. ಗಡಿಯಾರವನ್ನು ಯಾರೂ ನೋಡಿರಲಿಲ್ಲ. ಅಂಕಿ ಇದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ಹಾಕಿದ್ದೆ. ಏಳು ಜನ ಸಹಿ ಮಾಡಿದರು. ನಾನು ಮಾಡಲಿಲ್ಲ.

ಮುಂದಿನ ವಾರವೇ ಸಂಯೋಜಕರಿಂದ ಅಕ್ಕೋರಿಗೆ ಪತ್ರ ಹೋಯಿತು. ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು, ತಪ್ಪಿದಲ್ಲಿ ಬೇರೆಯವರನ್ನು ಕರೆಯಲಾಗುವುದು, ಅಲ್ಲಿಯವರೆಗೆ ಆಟ ಸ್ಥಗಿತ. ನೇಮಕಾತಿ ಆದೇಶವೇ ಇಲ್ಲದವರನ್ನು ತೆಗೆಯಲು ಇನ್ನೊಂದು ಆದೇಶವೂ ಬೇಕಾಗಿರಲಿಲ್ಲ. ಬರುವ ಭಾನುವಾರ ಬರಬೇಡಿ ಎಂದರೆ ಮುಗಿಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ನಮ್ಮ ಕಚೇರಿಯ ಸಾರ್ವಜನಿಕರ ಬೆಂಚಿನ ಮೇಲೆ ಅಕ್ಕೋರು ಕುಳಿತಿದ್ದರು. ಎಷ್ಟು ಹೊತ್ತಿನಿಂದ ಕುಳಿತಿದ್ದರೋ... ನಾನು ಎದ್ದು ಹೋಗಿ ಒಳಗೆ ಕರೆದೆ. ಊಟವಾಯಿತೇ, ಬಸ್ಸಿನಲ್ಲಿ ಜಾಗ ಸಿಕ್ಕಿತೇ ಎಂದು ವಿಚಾರಿಸಿದೆ. ಎಲ್ಲಕ್ಕೂ ಉತ್ತರಿಸಿ, ಚೀಲದಿಂದ ಆ ಪತ್ರವನ್ನೂ ಅದಕ್ಕೆ ಲಗತ್ತಿಸಿದ್ದ ದೂರಿನ ಪ್ರತಿಯನ್ನೂ ನನ್ನ ಮೇಜಿನ ಮೇಲಿಟ್ಟರು. ತಮಗೆ ಕಚೇರಿಯ ಕನ್ನಡ ಬರುವುದಿಲ್ಲವೆಂದೂ, ವಿವರಣೆಯನ್ನು ನಾನು ಬರೆದುಕೊಡಬೇಕೆಂದೂ ಕೇಳಿದರು.

ನನ್ನದೇ ವಾಕ್ಯಗಳನ್ನು ಮೊದಲ ಸಲ ಓದುವವನಂತೆ ನಾನು ಓದಿದೆ.

"ಬರದಾವ್ರು ಭಾಳ ಛಲೋ ಬರದಾರ್ರಿ," ಎಂದರು ಅಕ್ಕೋರು. "ಒಂದು ಕಾಗುಣಿತ ತಪ್ಪಿಲ್ಲ. ನಮ್ಮ ಪರವಾಗಿ ಬರಿಯೂದೂ ಹಂಗ ಇರಲಿ."

ಅವರು ಬೆರಳನ್ನು ಕಾಗದದ ನಡುವೆ ಇಟ್ಟರು. ಅಲ್ಲಿ ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು, ನಲವತ್ತೆರಡು ಎಂದಿತ್ತು.

"ಈ ನಿಮಿಷಗಳು ನೋಡ್ರಿ. ಭಾಳ ನ್ಯಾಯವಂತ ಅದಾವ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಹೊಲಿಗೆಯವರ ಬೀಜವನ್ನು ಸವರಿ ನೋಡಿದ್ದರಲ್ಲ, ಅದೇ ಕುತೂಹಲದಿಂದ ನನ್ನನ್ನು ನೋಡುತ್ತಿದ್ದರು. ಏನು ಬರೆಯಲಿ ಎಂದು ಕೇಳಿದೆ.

"ಎಣಿಸಿ ಬರೀರಿ. ಅಷ್ಟ ಸಾಕು."

ಹೊರಟು ನಿಂತವರು ಬಾಗಿಲಲ್ಲಿ ತಿರುಗಿ, ಕುಕನೂರಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಹೇಳಿದೆ. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಮುಂದೆಂದೂ ಬರಲಿಲ್ಲ.

ಅಂದು ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಬೀಜಗಳನ್ನು ತಿಕ್ಕಿದೆ. ಎಸೆಯಲು ಆರಂಭಿಸಿದೆ. ಮೊದಲ ಹತ್ತರಲ್ಲಿಯೇ ಎಂಟು ಮೂರು ಸಲ ಬಿತ್ತು. ಅದರಲ್ಲಿ ಎರಡು ಒಂದರ ಹಿಂದೊಂದು. ಅಂಥದ್ದನ್ನು ಪಟ್ಟಿಯಲ್ಲಿ ನಾನಾಗಿಯೇ ಬರೆಯುವ ಧೈರ್ಯ ನನಗೆಂದೂ ಬರುತ್ತಿರಲಿಲ್ಲ. ಆಮೇಲೆ ನಲವತ್ತು ಎಸೆತ ದಾಟಿದರೂ ಎಂಟು ಕಾಣಲಿಲ್ಲ. ಎರಡು ಮಾತ್ರ ಕರೆಯದೆ ಬರುವ ನೆಂಟರಂತೆ ಮತ್ತೆ ಮತ್ತೆ ಬರುತ್ತಿತ್ತು. ನೂರು ಮುಗಿಯಿತು. ನಿಲ್ಲಿಸಲು ಮನಸ್ಸಾಗಲಿಲ್ಲ. ಇನ್ನೊಂದು ನೂರು, ಮತ್ತೊಂದು ನೂರು. ಅಮ್ಮ ಹೊರಗೆ ಬಂದು, "ಯಾರ ಜೋಡಿ ಆಡಾಕತ್ತೀಯೋ?" ಎಂದಳು. ಅಂಕಿಗಳು ಎಲ್ಲಿಂದಲೋ ಒಂದು ಆಕಾರಕ್ಕೆ ಬರುತ್ತಿದ್ದವು. ಮೊದಲ ನೂರು, ಎರಡನೆಯ ನೂರು, ಮೂರನೆಯ ನೂರು ಒಂದರಂತೆ ಒಂದಿರಲಿಲ್ಲ, ಆದರೂ ಮೂರೂ ಒಂದೇ ಮನೆತನದವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ವರ್ಷಗಟ್ಟಲೆ ಪಟ್ಟಿ ಬರೆದವನಿಗೆ, ಪಟ್ಟಿಯೊಂದು ತಾನಾಗಿಯೇ ಬರೆದುಕೊಳ್ಳುವುದನ್ನು ನೋಡಿದ್ದು ಅದೇ ಮೊದಲು.

ವಿವರಣೆಯನ್ನು ಎರಡು ದಿನದಲ್ಲಿ ಸಿದ್ಧಪಡಿಸಿದೆ. ಯಾರು ಯಾರಿಗೆ ಫೋನ್ ಮಾಡಿದರು, ಯಾವ ಪುಟ ಹೇಳಿಕೊಟ್ಟರು ಎಂಬುದನ್ನು ಒಬ್ಬೊಬ್ಬರನ್ನೂ ಕೇಳಿ ದಾಖಲಿಸಿದೆ. ಕೆಲವರು ಒಂದೇ ಒಂದು ಕರೆ ಮಾಡಿದ್ದರು, ಒಬ್ಬರು ಮಾಡಿರಲೇ ಇಲ್ಲ. ಅದನ್ನೂ ಹಾಗೆಯೇ ಬರೆದೆ. ಅನುಬಂಧವಾಗಿ ಮುನ್ನೂರು ಎಸೆತದ ಪಟ್ಟಿ ಸೇರಿಸಿ, ವಿದ್ಯಾರ್ಥಿಗಳ ಪರವಾಗಿ ಮೊದಲ ಸಹಿ ಮಾಡಿದೆ. ಅಕ್ಕೋರು ಅನುಬಂಧವನ್ನು ಬಹಳ ಹೊತ್ತು ನೋಡಿ, "ಈ ಬೀಜ ನನಗ ಕೊಡ್ತೀರೇನು?" ಎಂದಷ್ಟೇ ಕೇಳಿದರು. ಕೊಟ್ಟೆ.

ಭಾನುವಾರ ಸಂಯೋಜಕರು ತರಗತಿಗೆ ಬಂದರು. ಸಜ್ಜನರು, ಆದರೆ ಅವಸರದಲ್ಲಿದ್ದರು. ಎಂಟು ಬೀಳುವುದು ಅದೃಷ್ಟ, ಇದರಲ್ಲಿ ಶಾಸ್ತ್ರವೆಲ್ಲಿ ಬಂತು ಎಂದು ಅಕ್ಕೋರನ್ನು ಕೇಳಿದರು. ಅಕ್ಕೋರು ನಮ್ಮ ಕಡೆ ನೋಡಿದರು. ಗಂಗಾವತಿಯ ಹೊಲಿಗೆಯವರು ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು.

"ಸರ್, ನಾಕೂ ಬೋರಲ ಬೀಳಾಕ ಒಂದ ದಾರಿ. ಎರಡು ಬಿಳಿ ಎರಡು ಕರಿ ಬೀಳಾಕ ಆರು ದಾರಿ. ನಸೀಬು ಅಲ್ರಿ ಸರ್, ದಾರಿ ಎಷ್ಟದಾವ ಅನ್ನೂ ಮಾತು."

ಆರು ಹೇಗೆ ಎಂದು ಸಂಯೋಜಕರು ಕೇಳಿದರು. ಹೊಲಿಗೆಯವರು ಮೇಜಿನ ಮೇಲೆ ಬೀಜಗಳನ್ನು ಒಂದೊಂದಾಗಿ ತಿರುವಿ ಆರು ಬಗೆಯಲ್ಲಿ ಇಟ್ಟು ತೋರಿಸಿದರು. ಅವರು ನಾಲ್ಕನೆಯದನ್ನು ಇಡುವಾಗ ಸಂಯೋಜಕರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆರು ಮುಗಿದ ಮೇಲೆ ಬೀಜಗಳನ್ನು ತಾವೇ ಕೈಗೆ ತೆಗೆದುಕೊಂಡು ಎಸೆದರು. ಎಂಟು ಬಿತ್ತು. ಕಂಡಕ್ಟರ್ ಹಿಂದಿನ ಸಾಲಿನಿಂದ, "ಸಂಯೋಜಕರಿಗೆ ಬೀಜಾನೂ ಅಂಜ್ತಾವ್ರಿ" ಎಂದರು. ಸಂಯೋಜಕರು ನಕ್ಕುಬಿಟ್ಟರು. ಆಟವನ್ನು ತರಗತಿಯ ಕೊನೆಯ ಅರ್ಧ ಗಂಟೆಗೆ ಸೀಮಿತಗೊಳಿಸಿ ಕಡತ ಮುಕ್ತಾಯಗೊಳಿಸಿದರು. ದೂರಿಗೆ ಸಹಿ ಮಾಡಿದ್ದ ಏಳು ಜನರಲ್ಲಿ ನಾಲ್ವರು ಮರುವಾರದಿಂದ ಆಟಕ್ಕೆ ಸೇರಿದರು.

ಆ ವರ್ಷ ನಾನು ಉತ್ತೀರ್ಣನಾದೆ. ಮರುವರ್ಷ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಕ್ಕೆ ಬೇರೆಯವರು ಬಂದರೆಂದು ತಿಳಿಯಿತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಗುಂಪಿನಲ್ಲಿ ಹಬ್ಬದ ಶುಭಾಶಯಗಳಷ್ಟೇ ಉಳಿದು, ಕೊನೆಗೆ ಅವೂ ನಿಂತವು. ಅಕ್ಕೋರ ಫೋನ್ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ... ಕುಕನೂರಿನಿಂದ ಮರಳಿದ ದಿನ, ಅವರು ಎಲ್ಲಿದ್ದಾರೆಂದು ವಿಚಾರಿಸಬೇಕೆಂದು ದಿನಚರಿಯಲ್ಲಿ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ.

ಕಳೆದ ಸೋಮವಾರ ನನ್ನ ಮೇಜಿಗೆ ಒಂದು ಮರಣ ನೋಂದಣಿ ನಮೂನೆ ಬಂತು. ಹೆಸರು ಅಕ್ಕೋರದು. ತಂದವರು ಅವರ ತಮ್ಮ, ನಮ್ಮೂರಿನಲ್ಲಿಯೇ ಪೈಪು ಮಾರುವ ಅಂಗಡಿಯಿಟ್ಟವರು. ಅಕ್ಕ ತಮ್ಮ ಮನೆಗೆ ಬಂದು ಹನ್ನೊಂದು ತಿಂಗಳಾಗಿತ್ತು, ಮೈಯಲ್ಲಿ ಹುಷಾರಿರಲಿಲ್ಲ ಎಂದರು. ವೃತ್ತಿಯ ಕಲಂನಲ್ಲಿ ಮನೆಗೆಲಸ ಎಂದು ಬರೆದಿದ್ದರು. ಅವರು ಬೋಧಕರಾಗಿದ್ದರಲ್ಲವೇ ಎಂದು ಕೇಳಿದೆ.

"ನೌಕರಿ ಅಂತ ಏನಿದ್ದಿಲ್ರೀ. ಐತವಾರ ಹೋಗಿ ಯಾರಿಗೋ ಆಟ ಆಡಿಸಿ ಬರ್ತಿದ್ಲು."

ಆ ಯಾರೋ ನಾನೇ ಎಂದು ತಿಳಿಸಿದೆ. ಅವರು ನಮೂನೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮಾಹಿತಿದಾರರೇ ತಿದ್ದಿ ಪಕ್ಕದಲ್ಲಿ ಸಹಿ ಮಾಡಬೇಕೆಂಬುದು ನಿಯಮ. ಮನೆಗೆಲಸ ಹೊಡೆದುಹಾಕಿ, ಏನಂತ ಬರೀಲಿ ಎಂದು ಕೇಳಿದರು. ಉಪನ್ಯಾಸಕರು ಎಂದೆ. ನಿಧಾನವಾಗಿ ಬರೆದರು. ಬರೆದ ಮೇಲೆ, ಅಕ್ಕ ಏನು ಕಲಿಸುತ್ತಿದ್ದಳೆಂದು ಕೇಳಿದರು. ಕೌಂಟರಿನ ಮುಂದೆ ಜನ ಕಾಯುತ್ತಿದ್ದರೂ ನಾನು ಹೇಳಿದೆ.

ಹೋಗುವಾಗ ಅವರು, ತಮ್ಮ ಓಣಿಯ ಚರಂಡಿಯ ಅರ್ಜಿ ಏನಾಯಿತು ಎಂದು ವಿಚಾರಿಸಿದರು. ಅದನ್ನು ಅಕ್ಕನೇ ಬರೆದುಕೊಟ್ಟಿದ್ದಳಂತೆ. ಅವರು ಹೋದ ಮೇಲೆ ಕಡತ ಹುಡುಕಿ ತೆಗೆದೆ. ಅರ್ಜಿದಾರರ ಹೆಸರು ತಮ್ಮನದು, ಕೈಬರಹ ಅಕ್ಕೋರದು. ಚರಂಡಿ ಉಕ್ಕಿದ ವಿವರವನ್ನು ದಿನವಾರು ಕೊಟ್ಟಿದ್ದರು. ಸೋಮವಾರ ಎರಡು ಸಲ, ಮಂಗಳವಾರ ಇಲ್ಲ, ಬುಧವಾರ ಇಲ್ಲ, ಗುರುವಾರ ಐದು ಸಲ, ಶುಕ್ರವಾರ ಇಲ್ಲ, ಶನಿವಾರ ಒಂದು ಸಲ... ಅದರ ಕೆಳಗೆ ನನ್ನ ಅಕ್ಷರದಲ್ಲಿ ಒಂದು ಸಾಲು. ಸ್ಥಳ ಪರಿಶೀಲಿಸಲಾಗಿದೆ, ಸಮಸ್ಯೆ ಇರುವುದಿಲ್ಲ. ಕೆಳಗೆ ದಿನಾಂಕ ಹಾಕಿದ್ದೆ. ಅದು ಈಗ ಆರು ತಿಂಗಳ ಹಿಂದಿನ ಮಾತು. ನಾನು ಹೋಗಿರಲಿಲ್ಲ. ಆ ಮನೆ ನಮ್ಮ ಕಚೇರಿಯಿಂದ ಎರಡು ಓಣಿ ಆಚೆ.

ನಿನ್ನೆ ಸಂಜೆ ಹೋಗಿಬಂದೆ. ಅಕ್ಕೋರು ಕೂರುತ್ತಿದ್ದ ಕಿಟಕಿಯನ್ನು ಅವರ ತಮ್ಮ ತೋರಿಸಿದರು. ಅಲ್ಲಿಂದ ರಸ್ತೆ ಪೂರ್ತಿ ಕಾಣುತ್ತದೆ, ಬರುವವರ ಮುಖ ಕಾಣುತ್ತದೆ. ನಾನು ಅಲ್ಲಿ ಇದ್ದಷ್ಟು ಹೊತ್ತಿನಲ್ಲಿ ಚರಂಡಿ ಮೂರು ಸಲ ಉಕ್ಕಿತು.